ಮೆಟ್ಟಿಲು ಇಳಿದ ಸೊಸೆ

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆಯ ಸೊಸೆಗೆ ಎರಡು ತಿಂಗಳು ತುಂಬಿತ್ತು. ಬಸುರಿ ಎಂದು ತಿಳಿದ ದಿನವೇ ಅತ್ತೆ, ಅವಳು ಮೆಟ್ಟಿಲು ಇಳಿಯಕೂಡದು ಎಂದು ಅಪ್ಪಣೆ ಮಾಡಿದರು. ಕೆಳಗೆ ಅಂಗಡಿ ನಡೆಸುವ ಮಗರಾಯ ಸುಮ್ಮನಿರುತ್ತಾನೆಯೇ? ಹಳೆಯ ಚಕ್ರವೊಂದನ್ನು ಕಿಟಕಿಗೆ ಸಿಕ್ಕಿಸಿ, ಹಗ್ಗ ಹಾಕಿ, ಬುಟ್ಟಿ ಕಟ್ಟಿದ. ಹಾಲು, ತರಕಾರಿ, ಅವಳು ಹೊಲಿಯುವ ಬಟ್ಟೆ, ಎಲ್ಲವೂ ಬುಟ್ಟಿಯಲ್ಲೇ ಮೇಲೇರತೊಡಗಿದವು. ದಿನಾ ಹೊಲಿಗೆ ಅಂಗಡಿಗೆ ನಡೆದು ಹೋಗುತ್ತಿದ್ದ ಹುಡುಗಿ ಮಂಚ ಹಿಡಿದಳು. ಊಟ ಸೇರದು, ನಿದ್ದೆ ಹತ್ತದು.

ಒಂದು ದಿನ, ಮನೆಮನೆಗೆ ಹೋಗಿ ಬಸುರಿಯರಿಗೆ ಮಾತ್ರೆ ಕೊಡುವ ನರ್ಸಕ್ಕ ಬಂದು ಕೆಳಗಿನಿಂದ ಕೂಗಿದರು.

"ಮಾತ್ರೆ ಬುಟ್ಟೀಲಿ ಹಾಕಮ್ಮ, ಎಳ್ಕೋತೀನಿ," ಎಂದರು ಅತ್ತೆ.

"ಮಾತ್ರೆ ಏನೋ ಬರತ್ತೆ, ನನ್ನನ್ನ ಎಳೆದ್ರೆ ಹಗ್ಗ ಕಿತ್ಕೊಂಡು ಬರತ್ತೆ. ನಾನೇ ಹತ್ತಿ ಬರ್ತೀನಿ ಇರಿ."

ನರ್ಸಕ್ಕ ಸೊಸೆಯ ಬಿ.ಪಿ. ನೋಡಿದರು, ಡಾಕ್ಟರ ಚೀಟಿ ಓದಿದರು. "ಎಲ್ಲಾ ಸರಿಯಾಗಿದೆಯಲ್ಲ! ಮಲಗಿರು ಅಂತ ಡಾಕ್ಟ್ರು ಹೇಳಿದ್ರಾ?"

"ಡಾಕ್ಟ್ರಲ್ಲ, ಅತ್ತೆ ಹೇಳಿದ್ದು," ಎಂದಳು ಸೊಸೆ ಮೆಲ್ಲಗೆ.

"ಓಡಾಡಿದ್ರೆ ಗರ್ಭ ನಿಲ್ಲೋದಿಲ್ಲ," ಅತ್ತೆ ಸಿಡುಕಿದರು.

"ಹಾಗಲ್ಲಮ್ಮ. ಇದು ಒಳಗೆ ಮಾಸು ಬೆಳೆಯೋ ಸಮಯ. ಮಗುಗೆ ಊಟ, ಉಸಿರು ಎರಡೂ ಮಾಸಿನ ಮೂಲಕಾನೇ ಹೋಗೋದು. ತಾಯಿ ಹಿತವಾಗಿ ನಡೆದಾಡ್ತಿದ್ರೆ ಮಾಸು ಚೆನ್ನಾಗಿ ಬೆಳೆಯೋಕೆ, ಅದರ ರಕ್ತನಾಳ ಹರಡೋಕೆ ಅನುಕೂಲ ಅಂತ ಇದನ್ನ ಪರೀಕ್ಷೆ ಮಾಡಿ ನೋಡಿದವರು ಹೇಳ್ತಾರೆ. ಮಾತಾಡ್ತಾ ನಡೆಯೋಕೆ ಆಗಬೇಕು, ಅಷ್ಟೇ ವೇಗ ಸಾಕು. ಭಾರ ಎತ್ತೋದು ಬೇಡ."

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. "ನನ್ನ ಮೊದಲನೇದು ಮೂರನೇ ತಿಂಗಳಲ್ಲೇ ಹೋಯ್ತು. ಹಿಂದಿನ ದಿನ ತವರಿಗೆ ನಡ್ಕೊಂಡು ಹೋಗಿದ್ದೆ. ಬೇಡ ಅಂದಿದ್ರು, ಕೇಳಲಿಲ್ಲ. ನಾನೇ ಕಳ್ಕೊಂಡೆ."

ಸೊಸೆ ಈ ಮಾತನ್ನು ಕೇಳಿದ್ದು ಅದೇ ಮೊದಲು. ನರ್ಸಕ್ಕ ಅತ್ತೆಯ ಕೈ ಹಿಡಿದುಕೊಂಡರು.

"ಅಷ್ಟು ಬೇಗ ಹೋಗೋದು ಹೆಚ್ಚಾಗಿ ಪಿಂಡಾನೇ ಸರಿಯಾಗಿ ಕೂಡಿ ಬರದೆ ಇದ್ದಾಗ. ನಡೆದಿದ್ದಕ್ಕೆ ಅಲ್ಲಮ್ಮ. ಅದರಲ್ಲಿ ನಿಮ್ಮ ತಪ್ಪಿಲ್ಲ."

ಅತ್ತೆ ಬಿಕ್ಕಿ ಬಿಕ್ಕಿ ಅತ್ತರು. ಅಷ್ಟು ವರ್ಷ ಒಬ್ಬರೇ ಹೊತ್ತ ಸಂಕಟ, ಪಾಪ. ಸೊಸೆ ಎದ್ದು ಬಂದು ಅವರ ಪಕ್ಕ ಕುಳಿತಳು.

ಸಂಜೆ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ ಮಗನ ಮುಂದೆ ಬುಟ್ಟಿ ಇಳಿಯಿತು. ಅದರಲ್ಲಿ ಎರಡು ಜೊತೆ ಚಪ್ಪಲಿ. ಹಿಂದೆಯೇ ಅತ್ತೆ, ಸೊಸೆ ಕೈ ಹಿಡಿದುಕೊಂಡು ಬರಿಗಾಲಲ್ಲಿ ಮೆಟ್ಟಿಲು ಇಳಿದು ಬಂದರು.

"ಚಪ್ಪಲಿ ಯಾಕಮ್ಮ ಬುಟ್ಟೀಲಿ?"

"ಮೆಟ್ಟಿಲ ಮೇಲೆ ಜಾರಿದ್ರೆ? ನನ್ನ ಹೆದರಿಕೆ ಒಂದೇ ದಿನಕ್ಕೆ ಹೋಗತ್ತೇನೋ! ನೀನು ಕೆಲಸ ನೋಡ್ಕೋ, ನಾವು ಬೀದಿ ಕೊನೆವರೆಗೆ ಹೋಗಿ ಬರ್ತೀವಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಸುರಿ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ವಿಶ್ರಾಂತಿ ಬೇಕು ಎಂದು ಅವರೇ ಹೇಳಿದ್ದರೆ ಹಾಗೇ ನಡೆದುಕೊಳ್ಳಿ. ಅಡ್ಡಿಯಿಲ್ಲ ಎಂದರೆ ದಿನವೂ ಜೊತೆಗೂಡಿ ನಡೆಯಿರಿ. ರಕ್ತ ಕಂಡರೆ, ಹೊಟ್ಟೆ ನೋವು ಬಂದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮತ್ತೆ, ನಡೆದದ್ದಕ್ಕೇ ಮಗು ಹೋಯಿತೆಂದು ಇಂದಿಗೂ ಒಳಗೇ ನೋಯುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ, ಇದನ್ನು ಅವರಿಗೂ ಓದಿ ಹೇಳಿ.