ರುಖ್ಸಾರ್ ಕಡೆಯವರು

ನಾನು ಸತ್ತುಹೋಗಿದ್ದೇನೆ ಎಂಬ ಸುದ್ದಿ ಬಂದಾಗ ನಾನು ಸೌಟು ಹಿಡಿದುಕೊಂಡು ಶೀರ್ ಖುರ್ಮಾ ಪಾಯಸ ಬಡಿಸುತ್ತಿದ್ದೆ. ರಂಜಾನ್ ಹಬ್ಬ, ಯಲಹಂಕ ಪಕ್ಕದ ಕೋಗಿಲಿನಲ್ಲಿ ನಮ್ಮ ಮನೆ ತುಂಬ ನೆಂಟರು. ಅಬ್ಬಾ ಫೋನೆತ್ತಿದರು, ಎರಡು ಮಾತು ಕೇಳಿಸಿಕೊಂಡರು, ನನ್ನ ಮುಖ ನೋಡಿ ಜೋರಾಗಿ ನಕ್ಕರು. ಯಾರೋ ಪೊಲೀಸಂತೆ. ನಿಮ್ಮ ಮಗಳು ರುಖ್ಸಾರ್‌ಗೆ ಕಂಪನಿಯಲ್ಲಿ ಗುಂಡು ಬಿದ್ದಿದೆ, ಆಸ್ಪತ್ರೆಗೆ ತರುವಷ್ಟರಲ್ಲಿ ಜೀವ ಹೋಗಿತ್ತು, ಬನ್ನಿ ಅಂದನಂತೆ. ಹಬ್ಬದ ದಿನ ಇಂಥ ತಮಾಷೆ ಮಾಡುವವನ ಬಾಯಿಗೆ ಹುಳ ಬೀಳಲಿ ಎಂದು ಅಮ್ಮಿ ಬೈದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಯಾಕೆಂದರೆ ನನ್ನ ಕಂಪನಿ ಕಾರ್ಡು ಅವತ್ತು ನನ್ನ ಹತ್ತಿರ ಇರಲಿಲ್ಲ. ಚೈತ್ರಳ ಕೊರಳಲ್ಲಿತ್ತು.

ಯಲಹಂಕದ ಆಚೆ ಮಾತ್ರೆ ಪ್ಯಾಕ್ ಮಾಡುವ ಕಂಪನಿ ನಮ್ಮದು. ನನ್ನದು ಬೆಳಗಿನ ಪಾಳಿ, ಚೈತ್ರಳದು ಮಧ್ಯಾಹ್ನದ್ದು. ಕೂರುವ ಸ್ಟೂಲು ಒಂದೇ. ಅಲ್ಲಿ ಹಬ್ಬಕ್ಕೆ ರಜೆ ಕೇಳುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಹಾಗಾಗಿ ಹುಡುಗಿಯರೆಲ್ಲ ಒಂದು ಪದ್ಧತಿ ಮಾಡಿಕೊಂಡಿದ್ದೆವು. ನಮ್ಮ ಹಬ್ಬಕ್ಕೆ ಅವರು, ಅವರ ಹಬ್ಬಕ್ಕೆ ನಾವು, ಇನ್ನೊಬ್ಬರ ಕಾರ್ಡು ಹಾಕಿಕೊಂಡು ಎರಡೂ ಪಾಳಿ ದುಡಿಯುವುದು. ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕಣ್ಣು ಬಿಟ್ಟರೆ ಇನ್ನೇನೂ ಕಾಣದು. ಸೂಪರ್‌ವೈಸರ್ ಶೀತಲ್ ಮೇಡಂಗೂ ಗೊತ್ತಿತ್ತು. ಕೆಲಸ ನಿಲ್ಲದಿದ್ದರೆ ಆಯಿತು, ಅವರು ಅತ್ತ ತಿರುಗಿಕೊಳ್ಳುತ್ತಿದ್ದರು.

ಈ ಸಲ ಯುಗಾದಿಯಾದ ಎರಡೇ ದಿನಕ್ಕೆ ರಂಜಾನ್ ಬಂತು. ಯುಗಾದಿಗೆ ನಾನು ಚೈತ್ರಳಾಗಿದ್ದೆ. ಅದಕ್ಕೆ ಅವಳ ಅಮ್ಮ ವೆಂಕಟಲಕ್ಷ್ಮಮ್ಮ ಕೊಡಿಗೇಹಳ್ಳಿಯಿಂದ ಡಬ್ಬಿ ತುಂಬ ಒಬ್ಬಟ್ಟು ಕಳಿಸಿದ್ದರು. ರಂಜಾನ್‌ಗೆ ಅವಳು ನಾನಾದಳು. ಅವಳ ಮೈಯಲ್ಲಿ ರಕ್ತ ಕಡಿಮೆ ಅಂತ ಡಾಕ್ಟರು ಹೇಳಿದ ಮೇಲೆ ಎರಡು ಪಾಳಿಗೆ ಅವಳಮ್ಮ ಬಿಡುತ್ತಿರಲಿಲ್ಲ. ಯಶವಂತಪುರದಲ್ಲಿ ಬಟ್ಟೆ ತಗೊಂಡು ಅಲ್ಲಿಂದಲೇ ಡ್ಯೂಟಿಗೆ ಹೋಗ್ತೀನಿ ಅಂತ ಹೇಳಿ ಬಾ ಅಂದೆ. ಆ ಸುಳ್ಳು ಹೇಳಿಕೊಟ್ಟ ಮಹಾಬುದ್ಧಿವಂತೆ ನಾನೇ.

ಗುಂಡು ಹಾರಿಸಿದವನು ಗೇಟಿನ ಗನ್‌ಮ್ಯಾನ್ ಸುಬ್ರಮಣಿ. ದಿನಾ ನಮ್ಮ ಬ್ಯಾಗು ನೋಡುತ್ತಾ ತಿಂಡಿ ಆಯ್ತಾ ಅಂತ ಕೇಳುತ್ತಿದ್ದ ಮನುಷ್ಯ. ಹಿಂದಿನ ದಿನ ಕೆಲಸದಿಂದ ತೆಗೆದಿದ್ದರಂತೆ. ಬಂದೂಕು ಅವನದೇ, ಲೈಸೆನ್ಸೂ ಅವನದೇ. ಬೆಳಗಿನ ಪಾಳಿ ನಡೆಯುವಾಗ ಮ್ಯಾನೇಜರನ್ನು ಹುಡುಕಿಕೊಂಡು ಬಂದ. ಮ್ಯಾನೇಜರು ಇರಲಿಲ್ಲ, ಎದುರಿಗೆ ಸಿಕ್ಕ ಮೂವರು ಸತ್ತರು. ಟಿವಿಯವರು ಅವನಿಗೆ ನೂರು ಕಾರಣ ಹುಡುಕಿಕೊಟ್ಟರು. ನನಗೆ ಒಂದೂ ಬೇಡ.

ನಗು ಮುಗಿಯುವಷ್ಟರಲ್ಲಿ ಕಾರ್ಡು ನೆನಪಾಗಿ ಚೈತ್ರಳಿಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಕೆಲಸಕ್ಕೆ ಕೂರುವ ಮುಂಚೆ ಫೋನನ್ನು ಲಾಕರಿನಲ್ಲಿಡಬೇಕು, ಅಲ್ಲೇ ಬಡಿದುಕೊಳ್ಳುತ್ತಿತ್ತೇನೋ. ಸತ್ತವಳು ಯಾರೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಅವಳಮ್ಮನಿಗೆ ನಾನೇ ಹೋಗಿ ಹೇಳಬೇಕಿತ್ತು. ಅಬ್ಬಾಗೆ ಮಾತ್ರ ಹೇಳಿದೆ, ಅವರು ಸ್ಕೂಟರ್ ತೆಗೆದರು. ಅಷ್ಟರಲ್ಲಿ ಮನೆ ಮುಂದೆ ಆಟೋ ನಿಂತಿತು.

ಇಳಿದವರು ವೆಂಕಟಲಕ್ಷ್ಮಮ್ಮ. ಟಿವಿಯಲ್ಲಿ ನನ್ನ ಹೆಸರು ನೋಡಿ, ನನ್ನ ಸಾವಿಗೆ ಅಳಲು ಬಂದಿದ್ದರು. ಎದೆ ಬಡಿದುಕೊಂಡು ಬಂದವರು ಬಾಗಿಲಲ್ಲಿ ನನ್ನನ್ನು ಕಂಡು ನಿಂತುಬಿಟ್ಟರು. ಆಮೇಲೆ ಓಡಿಬಂದು ನನ್ನ ಮುಖ, ಭುಜ, ಮೆಹಂದಿ ಹಚ್ಚಿದ ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು.

"ಇದೀಯಾ ಕಂದಾ? ಆ ಟಿವಿಯೋರ್ ಬಾಯಿಗೆ ಮಣ್ಣಾಕ."

ನನ್ನನ್ನು ಅಪ್ಪಿಕೊಂಡು ಅತ್ತರು, ಅಳುತ್ತಲೇ ನಕ್ಕರು. ಚೈತ್ರಂಗೂ ಹೇಳಬೇಕು, ಬಟ್ಟೆ ಅಂಗಡಿ ಹೊಕ್ಕರೆ ಆ ಕತ್ತೆಗೆ ಫೋನ್ ಎತ್ತುವ ಜ್ಞಾನ ಇರಲ್ಲ ಎಂದು ಬೈದರು. ಏನೂ ತಿಳಿಯದ ಅಮ್ಮಿ ಅವರನ್ನು ಕೂರಿಸಿ ಕೈಗೆ ಖುರ್ಮಾದ ಬಟ್ಟಲು ಕೊಟ್ಟರು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವರು ಕುಡಿಯಲಿ, ಇನ್ನೊಂದು ಚಮಚ ಕುಡಿಯಲಿ ಎಂದು ನೋಡುತ್ತಾ ನಿಂತೆ. ಹೇಳಿದ ಮೇಲೆ ಈ ಹೆಂಗಸು ಜನ್ಮದಲ್ಲಿ ಮತ್ತೆ ಹೀಗೆ ನಗುವುದಿಲ್ಲ ಅಂತ ಗೊತ್ತಿತ್ತು ನನಗೆ.

ಬಟ್ಟಲು ಅರ್ಧವಾಗಿತ್ತು. ಅವರೇ ತಲೆಯೆತ್ತಿ ಕೇಳಿದರು.

"ಅಲ್ಲ ಕಂದಾ, ನೀನ್ ಇಲ್ಲಿದೀಯ. ಅಂಗಾದ್ರೆ ನಿನ್ ಕಾರ್ಡ್ ಆಕ್ಕೊಂಡು ಓಗಿದ್ ಯಾರು?"

ನಾನು ಅವರ ಕಾಲ ಬಳಿ ನೆಲಕ್ಕೆ ಕುಳಿತೆ. ಅವರು ನನ್ನನ್ನು ನೋಡಿದರು, ಬಟ್ಟಲನ್ನು ನೋಡಿದರು, ಅದನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಸೆರಗಿನಿಂದ ತುಟಿ ಒರೆಸಿಕೊಂಡರು. ಒರೆಸಿದ್ದನ್ನೇ ಒರೆಸಿದರು.

"ನನ್ ಮಗಳು ಅಲ್ ಬಿದ್ದವ್ಳೆ. ನೀನ್ ನನಗೆ ಸಿಹಿ ಕುಡಿಸ್ತಿದ್ದೆ" ಅಂದರು.



ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವರು ನನ್ನ ಕಡೆ ತಿರುಗಲಿಲ್ಲ. ಶವಾಗಾರದ ಮುಂದೆ ಬೆಂಚಿನ ಆ ತುದಿಗೆ ಅವರು, ಈ ತುದಿಗೆ ನಾನು. ಶೀತಲ್ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಕಾರ್ಡು ಕಳೆದುಹೋಗಿತ್ತು ಅಂತ ಬರೆದುಕೊಡು, ನಿನ್ನ ಕೆಲಸ ಉಳಿಯುತ್ತೆ ಅಂದರು. ಹಾಗೆ ಬರೆದರೆ ಚೈತ್ರ ಕಳ್ಳಿಯಾಗುತ್ತಾಳೆ. ನಿಮ್ಮ ಕೆಲಸ ನೀವೇ ಇಟ್ಟುಕೊಳ್ಳಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ವೆಂಕಟಲಕ್ಷ್ಮಮ್ಮನಿಗೂ ಕೇಳಿಸಿರಬೇಕು. ಅವರು ಮಾತ್ರ ಬಾಗಿಲನ್ನೇ ನೋಡುತ್ತಿದ್ದರು.

ಕಾನ್‌ಸ್ಟೇಬಲ್ ಕೈಯಲ್ಲಿ ಚೀಟಿ ಹಿಡಿದು ಹೊರಗೆ ಬಂದ. "ರುಖ್ಸಾರ್ ಕಡೆಯವರು ಯಾರ್ರೀ?" ಎಂದು ಕೂಗಿದ.

ನಾನು ಎದ್ದೆ. ಹೆಸರು ತಪ್ಪಾಗಿದೆ, ನಾನೇ ರುಖ್ಸಾರ್ ಅನ್ನಬೇಕು. ಆಧಾರ್ ಕೈಯಲ್ಲೇ ಇತ್ತು. ಅಷ್ಟರಲ್ಲಿ ವೆಂಕಟಲಕ್ಷ್ಮಮ್ಮ ಮಂಡಿ ಹಿಡಿದುಕೊಂಡು ಎದ್ದು ನಿಂತರು.

"ನಾನು" ಅಂದರು. "ಅವಳ ತಾಯಿ."

ಎರಡು ಹೆಜ್ಜೆ ಇಟ್ಟು ಬಾಗಿಲಲ್ಲಿ ನಿಂತರು. ಹಿಂದೆ ತಿರುಗಲಿಲ್ಲ.

"ನೀನೂ ಬಾ. ನನಗೊಬ್ಳಿಗೇ ನೋಡಕ್ಕಾಗಲ್ಲ."

ಮೆಹಂದಿಯ ಕೈಗಳನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ನಾನು ಅವರ ಹಿಂದೆ ಒಳಗೆ ಹೋದೆ.