ಅಂಗಳಕ್ಕೆ ಬಂದ ಬಿಳಿ ಪುಡಿ

"ಸೆರಗು ಇನ್ನೊಂಚೂರು ಮುಂದಕ್ಕೆ ತಗಳೇ," ಎಂದಳು ಸುಲೋಚನಮ್ಮ. ಗೋಡೆಗೆ ಒರಗಿಸಿ ಕೂರಿಸಿದ್ದ ಅಕ್ಕ ಕೋಮಲಾಳ ಹೆಗಲಿಗೆ ಸುಮನಾ ಹಸಿರು ಸೀರೆ ಹೊದಿಸುತ್ತಿದ್ದಳು. ಮುತ್ತೈದೆ ಸತ್ತರೆ ಕೊನೆಯ ಸೀರೆ ತವರಿನಿಂದಲೇ ಬರಬೇಕು. ಅಪ್ಪ ಅಮ್ಮ ಇಬ್ಬರೂ ಇಲ್ಲದ ಈ ಅಕ್ಕತಂಗಿಯರಿಗೆ ತವರೆಂದರೆ ಸೋದರಮಾವ ಶಿವಮೂರ್ತಪ್ಪ. ಎಂಬತ್ತರ ಹತ್ತಿರದ ಮುದುಕ ಬೆಳಗ್ಗೆಯೇ ಅಜ್ಜಂಪುರದಲ್ಲಿ ಅಂಗಡಿಯವನನ್ನು ಎಬ್ಬಿಸಿ ಸೀರೆ ತೆಗೆಸಿ, ಹೆಂಡತಿ ಸುಲೋಚನಮ್ಮನನ್ನು ಹೊರಡಿಸಿಕೊಂಡು ಅಮೃತಾಪುರಕ್ಕೆ ಬಂದಿದ್ದ.

ಜಗಲಿಯಲ್ಲಿ ಕೋಮಲಾಳ ಗಂಡ ಓಂಕಾರೇಶ್ ಬಂದವರಿಗೆಲ್ಲ ಹೇಳಿದ್ದನ್ನೇ ಹೇಳುತ್ತಿದ್ದ.

"ಬೀಡಿ ಸೇದ್ತಿದ್ರಾ ಅಂದ್ರು ಶಿವಮೊಗ್ಗದ ಡಾಕ್ಟ್ರು. ಇಲ್ಲ ಅಂದ್ವಿ. ಶೀಟ್ ಫ್ಯಾಕ್ಟ್ರಿ ಹತ್ರ ಬೆಳೆದೋರಾ ಅಂದ್ರು. ಚಿಕ್ಕೋಳಿದ್ದಾಗ ಎಳ್ಕೊಂಡ ಧೂಳು ಕಣ್ರಪ್ಪ. ನಲವತ್ತು ವರ್ಷ ತೆಪ್ಪಗಿದ್ದು ಈಗ ಕ್ಯಾನ್ಸರ್ ಆಗಿ ಎದ್ದೈತೆ."

ನೀವೂ ಒಂದು ಸಲ ಎದೆ ತೋರಿಸಿಕೊಳ್ಳಿ ಎಂದು ಆ ಡಾಕ್ಟರು ಸುಮನಾಳಿಗೂ ಹೇಳಿದ್ದರು. ಅವಳು ಆ ಭಯವನ್ನು ಹೇಗೋ ನುಂಗಿಕೊಂಡಿದ್ದಳು. ಯಾರಿಗೂ ಗೊತ್ತಿರದೆ ಆದದ್ದು, ಯಾರನ್ನು ಬೈಯುವುದು ಎಂಬುದೊಂದೇ ಸಮಾಧಾನ.

* * *

ಅಜ್ಜಂಪುರದ ಹೊರಗೆ ಆಗ ಮನೆಗೆ ಹೊದಿಸುವ ಆಸ್ಬೆಸ್ಟಾಸ್ ಶೀಟು ತಯಾರಿಸುವ ಕಾರ್ಖಾನೆಯೊಂದಿತ್ತು. ಶಿವಮೂರ್ತಪ್ಪ ಅಲ್ಲಿ ಮೇಸ್ತ್ರಿ. ಗಂಡನನ್ನು ಕಳೆದುಕೊಂಡು ಕೋಮಲಾ, ಸುಮನಾ ಇಬ್ಬರು ಹೆಣ್ಣುಮಕ್ಕಳೊಂದಿಗೆ ಹೆಣಗುತ್ತಿದ್ದ ಅವನ ಅಕ್ಕ ಪ್ರೇಮಮ್ಮನ ಅಂಗಳ ಮಳೆ ಬಂದರೆ ಕೆಸರುಗದ್ದೆ. ಶೀಟು ಕೊಯ್ಯುವಾಗ ಉದುರುವ ಬಿಳಿ ಪುಡಿಯನ್ನು ಅವನು ಗಾಡಿಗಟ್ಟಲೆ ತಂದು ಸುರಿಸಿದ. ನೀರು ಹೊಡೆದು ಬಡಿದರೆ ಅಂಗಳ ಬಂಡೆಯ ಹಾಗೆ ಗಟ್ಟಿ. ಬೀದಿಯವರು ಮೊದಲು ಹೊಟ್ಟೆಕಿಚ್ಚು ಪಟ್ಟರು, ಆಮೇಲೆ ತಾವೂ ಕೇಳಿ ಹಾಕಿಸಿಕೊಂಡರು.

ಒಂದು ಚೀಲ ರಂಗೋಲಿಗೆಂದೇ ಒಳಗಿರುತ್ತಿತ್ತು. ಅಂಗಡಿಯ ರಂಗೋಲಿ ಪುಡಿ ಗಾಳಿಗೆ ಹೋದರೆ ಇದು ಮಾರನೆಯ ದಿನಕ್ಕೂ ನೆಲ ಬಿಡುತ್ತಿರಲಿಲ್ಲ. ಕೋಮಲಾ ದಿನವೂ ಹಳೆಯದನ್ನು ಬರ್ರನೆ ಗುಡಿಸಿ, ಎದ್ದ ಧೂಳಿಗೆ ಕೆಮ್ಮಿ, ನಕ್ಕು ಹೊಸ ಎಳೆ ಎಳೆಯುತ್ತಿದ್ದಳು. ಸುಮನಾ ಬಟ್ಟಲು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಗುಡಿಸುವುದು ಹೆಣ್ಣುಮಕ್ಕಳ ಕೆಲಸ. ಹಾಗಾಗಿ ಧೂಳೂ ಅವರದೇ.

"ಮಾವ ಇರೋಗಂಟ ನಮ್ಗೆ ರಂಗೋಲಿಗೆ ಬರ ಇಲ್ಲ ಕಣೇ," ಎನ್ನುತ್ತಿದ್ದಳು ಕೋಮಲಾ.

* * *

ಕೋಮಲಾಳ ಮುಡಿಗೆ ಹೂ ಮುಡಿಸುತ್ತ ಸುಲೋಚನಮ್ಮ ಅತ್ತಳು, ಮೂಗು ಒರೆಸಿಕೊಂಡು ಮಾತನ್ನೂ ಶುರುಮಾಡಿದಳು.

"ನಿಮ್ಮ ಅಂಗಳ ನೋಡಿ ನಂಗೂ ಆಸೆ ಆಗಿತ್ತವ್ವ. ನಮ್ಗೂ ಒಂದ್ ಗಾಡಿ ಹಾಕ್ಸಿ ಅಂದೆ. ಬೈದೇಬಿಟ್ರು. ನಮ್ಮೋರು ಬಲೇ ಶುದ್ಧದೋರು. ಕಾರ್ಖಾನೇಲೇ ಮೈ ತೊಳ್ಕಂಡು, ಬಟ್ಟೆ ಬದ್ಲಾಯಿಸ್ಕಂಡೇ ಮನೆಗೆ ಬರೋರು. ಆ ಬಟ್ಟೆ ಮಕ್ಳು ಮುಟ್ಟಂಗಿರ್ಲಿಲ್ಲ. ಯಾರೋ ಸಾಹೇಬ್ರು ಹೇಳಿದ್ರಂತೆ."

"ಏನಂತ ಹೇಳಿದ್ರು ಅತ್ತೆ?"

"ಅದೆಲ್ಲ ನಂಗೇನ್ ಗೊತ್ತು. ಆ ಹೂವ ಕೊಡು ಇತ್ಲಾಗೆ."

ಸುಮನಾ ಹೂವು ಕೊಟ್ಟು ಎದ್ದಳು. ಗೊತ್ತಿಲ್ಲದೆ ತಂದಿದ್ದರೆ ಮಾವನೂ ತಮ್ಮ ಹಾಗೆ ಮೋಸಹೋದವನು. ಗೊತ್ತಿದ್ದೂ ತಂದಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಅಕ್ಕನನ್ನು ಮಣ್ಣು ಮಾಡುವ ಮೊದಲೇ ಅವಳಿಗೆ ಅದು ತಿಳಿಯಬೇಕಿತ್ತು.

ಶಿವಮೂರ್ತಪ್ಪ ಹಿತ್ತಲಲ್ಲಿ ಒಬ್ಬನೇ ಕಲ್ಲಿನ ಮೇಲೆ ಕೂತಿದ್ದ.

"ಮಾವ, ಆ ಪುಡಿ ಕೆಟ್ಟದ್ದು ಅಂತ ನಿಂಗೆ ಗೊತ್ತಿತ್ತಾ?"

"ಆ ಕಾಲ್ದಲ್ಲಿ ಯಾರಿಗ್ ಗೊತ್ತಿತ್ತವ್ವ?"

"ಮತ್ತೆ ನಿಮ್ಮನೆಗ್ಯಾಕೆ ಹಾಕ್ಸಲಿಲ್ಲ?"

"ನಿಮ್ಮತ್ತೆಗೆ ಸಗಣಿ ಸಾರಿಸಿದ ಅಂಗ್ಳನೇ ಆಗ್ಬೇಕಿತ್ತು." ಅವನು ಅಂಗಿಯೊಳಗಿನ ಲಿಂಗವನ್ನು ಕೈಯಲ್ಲಿ ಹಿಡಿದ. "ಲಿಂಗ ಮುಟ್ಟಿ ಹೇಳ್ತೀನಿ. ನಂಗೆ ಗೊತ್ತಿರ್ಲಿಲ್ಲ ಮಗಾ. ಹೆತ್ತ ಮಕ್ಳಿಗಿಂತ ಹೆಚ್ಚಾಗಿ ನೋಡ್ಕಂಡೆ ನಿಮ್ಮನ್ನ."

ಅವನ ಕಣ್ಣು ತುಂಬಿತ್ತು. ನಂಬುವುದೇ ಸುಮನಾಳಿಗೂ ಬೇಕಾಗಿತ್ತು. ಅತ್ತೆಗೆ ವಯಸ್ಸಾಯಿತು, ಏನೋ ಒಂದಕ್ಕೊಂದು ಗಂಟುಹಾಕಿ ಮಾತಾಡುತ್ತಾಳೆ ಎಂದುಕೊಂಡಳು. ಮಾವನ ತೋಳು ಹಿಡಿದು ಎಬ್ಬಿಸಿದಳು.

* * *

ಹೊಲದ ಅಂಚಿನಲ್ಲಿ ಗುಣಿ ತೋಡಿದ್ದರು. ಕೋಮಲಾಳನ್ನು ಒಳಗೆ ಕೂರಿಸಿ, ಐನೋರು ಮಂತ್ರ ಹೇಳಿ ಬಿಲ್ವಪತ್ರೆ ಹಾಕಿಸಿದರು. "ತವರಿನೋರು ಮುಂದೆ ಬನ್ನಿ," ಎಂದು ಕರೆದರು. ಸುಮನಾ ಮಾವನ ಕೈ ಹಿಡಿದುಕೊಂಡೇ ಗುಣಿಯ ಬದಿಗೆ ಬಂದಳು.

ಓಂಕಾರೇಶ್ ವಿಭೂತಿ ಪುಡಿಯ ಚೀಲವನ್ನು ಬಗ್ಗಿಸಿದ. ಚೀಲವಷ್ಟೂ ಒಮ್ಮೆಲೇ ಸುರಿದು, ಗುಣಿಯೊಳಗಿಂದ ಬಿಳಿ ಧೂಳು ದಟ್ಟವಾಗಿ ಮೇಲೆದ್ದಿತು. ಸುತ್ತ ನಿಂತವರು ಕಣ್ಣು ಮುಚ್ಚಿ ಕೈಮುಗಿದರು.

ಶಿವಮೂರ್ತಪ್ಪ ಸುಮನಾಳ ಹಿಡಿತದಿಂದ ಕೈ ಕಿತ್ತುಕೊಂಡು ಸರಕ್ಕನೆ ಹಿಂದೆ ಸರಿದ. ಹೆಗಲ ಟವೆಲ್ಲನ್ನು ಎಳೆದು ಮೂಗುಬಾಯಿಗೆ ಸುತ್ತಿ, ಕತ್ತಿನ ಹಿಂದೆ ಗಂಟು ಬಿಗಿದು, ಮುಖವನ್ನು ಗಾಳಿಯ ಕಡೆಗೆ ತಿರುಗಿಸಿ ನಿಂತ. ತವರಿನ ಸೀರೆ ಕಟ್ಟಿ ತಂದ ಗಂಟನ್ನು ಬಿಚ್ಚಲು ಬೆಳಗ್ಗೆ ಎಷ್ಟೋ ತಡವರಿಸಿದ್ದ ಆ ಬೆರಳುಗಳು ಈಗ ಒಂದಿಷ್ಟೂ ತಡವರಿಸಲಿಲ್ಲ.

ಸುಮನಾ ಧೂಳಿನ ನಡುವೆಯೇ ನಿಂತು ಅವನನ್ನು ನೋಡಿದಳು. ಧೂಳು ಪೂರ್ತಿ ಇಳಿಯುವವರೆಗೂ ಅವನು ಟವೆಲ್ಲು ಬಿಚ್ಚಲಿಲ್ಲ.