ನಾಲ್ಕನೇ ಮುಳುಗು

ಪ್ಲಂಬರು ಚರ್ಚಿನ ತೊಟ್ಟಿಯಲ್ಲಿ ಮುಳುಗಿ ಮೂರು ಸಲ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದ. ಬೆನ್ನ ಹಿಂದೆ ಸಭೆಯವರು ಅವನನ್ನು 'ಮೂರುಮುಳುಗು' ಅಂತಲೇ ಕರೆಯುತ್ತಿದ್ದರು. ಪ್ರತಿ ಸಲವೂ ಅದೇ ರಾಗ ಅದೇ ಹಾಡು: ತೊಟ್ಟಿಯಿಂದೆದ್ದು ಅಳುತ್ತ ಸಾಕ್ಷಿ ಹೇಳುವುದು, ಕೆಲವು ತಿಂಗಳು ನೆಟ್ಟಗಿರುವುದು, ಒಂದು ದಿನ ಕುಡಿಯುವುದು, ದೇವರು ಕೊಟ್ಟ ರಕ್ಷಣೆ ಹೋಯಿತು ಅಂತ ತಲೆ ಚಚ್ಚಿಕೊಳ್ಳುವುದು.

ಶನಿವಾರ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, "ನಿನ್ನೆ ಒಂದು ಗ್ಲಾಸು ಹಾಕ್ದೆ ಕಣೇ," ಅಂದ.

ಹೆಂಡತಿಗೆ ರಾತ್ರಿಯೇ ಗೊತ್ತಾಗಿತ್ತು. ಮೂಗು ಅಂತ ಒಂದಿದೆಯಲ್ಲ.

"ಹನ್ನೊಂದು ತಿಂಗಳು, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ರಕ್ಷಣೆ ಹೋಯ್ತು. ಇನ್ನು ಸ್ನಾನಕ್ಕೆ ತೊಟ್ಟಿ ತುಂಬ್ಸೋದು ಎರಡು ತಿಂಗಳಾದ ಮೇಲೆ. ಅಲ್ಲೀವರೆಗೆ..." ಅಂದವನು ಚಪ್ಪಲಿ ಕಡೆ ನೋಡಿದ.

ಅವಳಿಗೆ ಆ ನೋಟ ಹೊಸದಲ್ಲ. ಹೋದ ಸಲವೂ ಒಂದೇ ಗ್ಲಾಸಿನಿಂದ ಶುರುವಾಗಿ ಹತ್ತು ವಾರ ನಡೆದಿತ್ತು. ಹೇಗೂ ಹೋಗಿದೆ, ಮತ್ತೆ ಸಿಗುವವರೆಗೆ ಕುಡಿದರೇನು ಅನ್ನುವುದು ಅವನ ತರ್ಕ. ಇನ್ನೊಂದು ಸುತ್ತು ಕುಡಿದರೆ ಲಿವರ್ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು.

"ನಡೀರಿ, ಪಾಸ್ಟರ್ ಹತ್ರ."

ಪಾಸ್ಟರು ನಾಳಿನ ಪ್ರಭುಭೋಜನಕ್ಕೆ ದ್ರಾಕ್ಷಿರಸ ಹಂಚುವ ಪುಟ್ಟ ಲೋಟಗಳನ್ನು ಒರೆಸಿಡುತ್ತಿದ್ದರು. ಎಲ್ಲ ಕೇಳಿ, "ಹಿಂಜಾರಿದವರು ಮತ್ತೆ ಸ್ನಾನ ಆಗೋವರೆಗೆ ಭೋಜನ ತಗೊಳ್ಳೋ ಹಾಗಿಲ್ಲ ತಂಗಿ. ನಮ್ಮ ಸಭೆಯ ಪದ್ಧತಿ. ಕೊಡೋನು ದೇವರು, ಕಳ್ಕೊಳ್ಳೋರು ನಾವು," ಅಂದರು.

"ಒಂದು ಗ್ಲಾಸಿಗೆ ಕಳ್ದುಹೋಗೋ ಹಾಗೆ ಅಷ್ಟು ಸಡಿಲವಾಗಿ ಕೊಟ್ಟಿದ್ದಾನಾ ದೇವರು?"

"ಹೋಗೋದೇ ಇಲ್ಲ ಅಂದ್ಬಿಟ್ರೆ ಕುಡಿಯೋರಿಗೆ ಲೈಸೆನ್ಸ್ ಕೊಟ್ಟ ಹಾಗಲ್ವೇನಮ್ಮ?"

"ಲೈಸೆನ್ಸ್ ಕೊಟ್ಟಿದ್ದು ನೀವೇ. ಹೋಯ್ತು ಅಂದಿದ್ದಕ್ಕೇ ಇವರು ಹತ್ತು ವಾರ ಕುಡಿದ್ರು."

"ದೊಡ್ಡೋರ ಹತ್ರ ಹೀಗೆಲ್ಲ ಮಾತಾಡ್ಬೇಡ ಕಣೇ," ಅಂದ ಗಂಡ.

"ನೀವು ಸುಮ್ನಿರಿ. ರಕ್ಷಣೆ ಕಳ್ಕೊಂಡೋರು ಉಪದೇಶ ಮಾಡೋ ಹಾಗಿಲ್ಲ."

ಪಾಸ್ಟರಿಗೆ ನಗು ಬಂತು, ನುಂಗಿಕೊಂಡರು. "ಪದ್ಧತಿ ಬದಲಾಯ್ಸೋಕೆ ಹಿರಿಯರು ಕೂರ್ಬೇಕಮ್ಮ."

"ನಾಳೆ ಭೋಜನ ಕೊಡ್ಬೇಡಿ. ಹೋಯ್ತು ಅಂತ ಮಾತ್ರ ಹೇಳ್ಬೇಡಿ. ಅಥವಾ ಹೋಗಿದೆ ಅಂತ ಖಂಡಿತವಾಗಿ ಗೊತ್ತಿದ್ರೆ, ಇವರ ಮುಖ ನೋಡಿ ಹೇಳಿ."

ಪಾಸ್ಟರು ಪ್ಲಂಬರನ ಮುಖ ನೋಡಿದರು. ಕಣ್ಣು ಹಳದಿಯಾಗಿತ್ತು. ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಹಾಗಂತ ಹೇಳೋಕೆ ನನ್ನ ಕೈಲಿ ಆಗಲ್ಲ," ಅಂದರು.

ಅವಳಿಗೆ ಅಷ್ಟು ಸಾಕಾಗಿತ್ತು. ಹೊರಗೆ ಬಂದ ಮೇಲೆ ಗಂಡ ಸಿಡಿಮಿಡಿಗೊಂಡು ಮುಂದೆ ಮುಂದೆ ನಡೆದ. ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ನೆಪವನ್ನು ಯಾರೋ ಕಿತ್ತುಕೊಂಡ ಹಾಗಿತ್ತು ಅವನ ಮುಖ. ಅಳುವುದಕ್ಕಿಂತ ಸಿಟ್ಟೇ ವಾಸಿ ಅಂದುಕೊಂಡಳು. ಬಾರಿನ ತಿರುವಿನಲ್ಲಿ ಅವನು ನಿಂತ. ಅವಳೂ ನಿಂತಳು. ಕೈ ಹಿಡಿಯಲಿಲ್ಲ.

"ಮೇಸ್ತ್ರಿ ಮನೇಲಿ ಎರಡು ನಲ್ಲಿ ಕೂರಿಸೋದಿದೆ," ಅಂದ ಕೊನೆಗೆ. "ಕೈ ನಡುಗ್ತಿದೆ ಕಣೇ."

"ನಡುಗ್ಲಿ. ನಡುಗೋ ಕೈಯಲ್ಲೇ ಬಿಗಿಸಿ. ನಲ್ಲಿ ನಾನು ಹಿಡ್ಕೋತೀನಿ."